ಕೋಲಾ, ಕುರಿಂಜಿ, ನಡುವೆ ಒಂದು ಮರ

ತಾಳವಾಡಿಯಿಂದ ಹೊರಟು ಬಂಡೀಪುರ, ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟ್ ಹತ್ತಿದ್ದಾಯ್ತು. 36 ತಿರುವು ಮುಗಿದ್ಮೇಲೆ ರಸ್ತೆ ಪಕ್ಕ ನೋಡಿ, ಬರೀ ನೀಲಗಿರಿ ಮರ. ಊಟಿಯಲ್ಲಿ ಬಾಟ್ಲಿಗೆ ತುಂಬಿ ಮಾರ್ತಾರಲ್ಲ, ಆ ಎಣ್ಣೆ ಮರ. ಹುಟ್ಟೂರು ಆಸ್ಟ್ರೇಲಿಯಾ. 1840ರ ದಶಕದಲ್ಲಿ ಬ್ರಿಟಿಷರು ಇಲ್ಲಿಗೆ ತಂದು ನೆಟ್ರು.

ಅಲ್ಲಿ ಇದರ ಎಲೆ ತಿಂದೇ ಬದುಕೋದು ಕೋಲಾ. ನೋಡೋಕೆ ಕರಡಿಮರಿ ಥರ ಇದ್ರೂ ಕರಡಿಗೂ ಅದಕ್ಕೂ ನಂಟಿಲ್ಲ. ಕಾಂಗರೂ ಹಾಗೆ ಹೊಟ್ಟೆಚೀಲದಲ್ಲಿ ಮರಿ ಸಾಕೋ ಪ್ರಾಣಿ. ಫ್ಯಾಸ್ಕೊಲಾರ್ಕ್ಟಿಡೀ ಅನ್ನೋ ಕುಟುಂಬದಲ್ಲಿ ಇವತ್ತು ಉಳಿದಿರೋದು ಇದೊಂದೇ.

ಈ ಬೆಟ್ಟದ ನೀಲಿ ಹೂವಿನ ಗಿಡ ನೀಲಕುರಿಂಜಿಗೆ ಹಾಗಲ್ಲ, ಬಳಗ ದೊಡ್ಡದು. ಅಕಾಂಥೇಸೀ ಕುಟುಂಬ. ನಮ್ಮ ಹೆಂಗಸರು ಮುಡಿಯೋ ಕನಕಾಂಬರ, ಕೆಮ್ಮಿಗೆ ಕಷಾಯ ಕಾಸೋ ಆಡುಸೋಗೆ, ಎಲ್ಲ ಅದರ ನೆಂಟರೇ. ಸ್ವಭಾವ ಮಾತ್ರ ಬೇರೆ. ಹನ್ನೆರಡು ವರ್ಷಕ್ಕೊಮ್ಮೆ ಇಡೀ ಇಳಿಜಾರು ಒಟ್ಟಿಗೇ ಅರಳುತ್ತೆ, ಬೀಜ ಕಟ್ಟುತ್ತೆ, ಗಿಡ ಸಾಯುತ್ತೆ.

ಯಾವ ಜೀವಿಗೆ ಅಳಿಯೋ ಅಪಾಯ ಎಷ್ಟು ಅಂತ ಹೇಳೋ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಕೋಲಾ, ಕುರಿಂಜಿ ಎರಡಕ್ಕೂ ಒಂದೇ ಹಣೆಪಟ್ಟಿ, ‘ವಲ್ನರಬಲ್’, ಅಂದ್ರೆ ಅಪಾಯಕ್ಕೆ ಸಿಕ್ಕಿರೋದು. ಕುರಿಂಜಿಗೆ ಅದು ಸಿಕ್ಕಿದ್ದು 2024ರಲ್ಲಿ. ಆದ್ರೆ ಆ ಒಂದು ಪದ ನಂಬ್ಕೊಂಡು ಕೂತ್ರೆ ಏನೂ ತಿಳಿಯಲ್ಲ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಕಡೆ ಬೆಂಕಿ, ಬರ, ಕಾಡು ಕಡಿಯೋದು, ರೋಗ ಎಲ್ಲ ಸೇರಿ ಕೋಲಾ ಎಷ್ಟು ಕಮ್ಮಿ ಆಯ್ತು ಅಂದ್ರೆ, 2022ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಆ ಕಡೆಯ ಕೋಲಾನ ಇನ್ನೂ ಗಂಭೀರವಾದ ‘ಎಂಡೇಂಜರ್ಡ್’ ಸಾಲಿಗೆ ಹಾಕಿತು. ವಿಕ್ಟೋರಿಯಾದಲ್ಲಿ ಉಲ್ಟಾ. ಕೆಲವು ಕಡೆ ಎಲೆ ಸಾಲದಷ್ಟು ಕೋಲಾ, ಜನ ಬೆಳೆಸಿದ ನೀಲಗಿರಿ ನೆಡುತೋಪುಗಳಿಗೂ ಹೋಗಿ ಸೇರ್ಕೊಂಡಿವೆ.

ಅವಕ್ಕೆ ಊಟ ಹಾಕೋ ಆ ನೆಡುತೋಪೇ ಇಲ್ಲಿ ಕುರಿಂಜಿ ಜಾಗ ನುಂಗಿದ್ದು. ಶೋಲಾ ಅನ್ನೋ ಬೆಟ್ಟದ ಕಣಿವೆ ಕಾಡಿನ ಮಧ್ಯದ ಹುಲ್ಲುಗಾವಲು ಅದರ ಮನೆ. ಮರ ಇಲ್ಲದ ಜಾಗ ಅಂದ್ರೆ ಪಾಳು ಅಂದ್ಕೊಂಡು ಟೀ, ನೀಲಗಿರಿ, ವ್ಯಾಟಲ್ ಮರ ಎಲ್ಲ ತುಂಬಿದ್ರು. ವ್ಯಾಟಲ್ಲೂ ಆಸ್ಟ್ರೇಲಿಯಾದ್ದೇ, ಬಿಡಿ.

ಈಗ ಕುರಿಂಜಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 3ನೇ ಶೆಡ್ಯೂಲ್‌ನಲ್ಲಿದೆ. ಕಿತ್ರೆ ದಂಡ, ಜೈಲು. ಇರಬೇಕಾದ್ದೇ, ಬೀಜ ಕಟ್ಟೋ ಮುಂಚೆ ಕಿತ್ತ ಗಿಡಕ್ಕೆ ಇನ್ನೊಂದು ಸರದಿ ಎಲ್ಲಿದೆ? ಆದ್ರೆ ನನಗೆ ಹೆಚ್ಚು ಯೋಚನೆ ಆಗಿರೋದು ಹೂ ಕೀಳೋರ ಬಗ್ಗೆ ಅಲ್ಲ. ಹುಲ್ಲುಗಾವಲು ವಾಪಸ್ ಬರಬೇಕಾದ್ರೆ ಈ ಮರಗಳು ಹೋಗಬೇಕು. ನೀಲಗಿರಿ ಕಡಿದು ಬಿಟ್ರೆ ಮುಗೀಲಿಲ್ಲ, ಬೊಡ್ಡೆಯಿಂದಲೇ ಮತ್ತೆ ಚಿಗುರುತ್ತೆ.