ಅಮ್ಮ ಅಲ್ಲ, ತಮ್ಮ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಿಂತು ಹೊಯ್ಸಳರ ಬಗ್ಗೆ ಮಾತಾಡುವುದು ಅಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಅದಕ್ಕೇ ಬೇಲೂರಿನ ವರ್ಣನೆ ಮಾಡುವುದಿಲ್ಲ. ಜಕಣಾಚಾರಿ, ಕಪ್ಪೆ ಚನ್ನಿಗರಾಯನ ಕಥೆಯೂ ಇವತ್ತು ಬೇಡ. ಒಂದೇ ಒಂದು ಹೆಸರಿನ ಬಗ್ಗೆ ಮಾತಾಡಿ ಕೂರುತ್ತೇನೆ. ಗಂಡುಮಗುವಿನ ಹೆಸರು. ಮಲ್ಲಿತಮ್ಮ.

ನೋಡಿ, ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ಮಗಳು ಬಾಣಂತನಕ್ಕೆ ಬಂದಿದ್ದಳು. ಗಂಡುಮಗು, ಮಘಾ ನಕ್ಷತ್ರ, ಹೆಸರು 'ಮ'ದಿಂದ ಶುರುವಾಗಬೇಕು. ಅಳಿಯಂದಿರು ಬೆಂಗಳೂರಿನಿಂದ ದಿನಾ ರಾತ್ರಿ ಫೋನ್ ಮಾಡಿ ಮೊಬೈಲ್‌ನಲ್ಲಿ ಸಿಕ್ಕ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದರು. ಚಿಕ್ಕದಾಗಿರಬೇಕು, ಒಳ್ಳೆ ಅರ್ಥ ಇರಬೇಕು, ಮುಖ್ಯವಾಗಿ ಯಾರೂ ಇಟ್ಟಿರಬಾರದು. ಯಾರೂ ಇಡದ ಹೆಸರು ಬೇಕು ಅಂತ ಊರಿಗೆ ಊರೇ ಅದೇ ಪಟ್ಟಿ ನೋಡಿದರೆ ಏನಾಗುತ್ತದೆ ಹೇಳಿ? ನಮ್ಮ ಬೀದಿಯಲ್ಲೇ ಇಬ್ಬರು ವಿಹಾನ್ ಇದ್ದಾರೆ. ತಾಯಂದಿರು ಕೂಗಿದರೆ ಇಬ್ಬರೂ ಬರುವುದಿಲ್ಲ, ಅದು ಬೇರೆ ಮಾತು.

ಒಂದು ಭಾನುವಾರ ಅಳಿಯಂದಿರನ್ನು ನುಗ್ಗೇಹಳ್ಳಿಗೆ ಕರೆದುಕೊಂಡು ಹೋದೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ. ಗೋಡೆಯ ಮೂರ್ತಿಗಳ ಪೀಠದಲ್ಲಿ ಸಣ್ಣ ಅಕ್ಷರಗಳು ಕಾಣುತ್ತವೆ. ನಾನು ಬೆರಳಿಟ್ಟು ತೋರಿಸಿ, ಓದಿ ಹೇಳಿದೆ. ಕೆತ್ತಿದವನು ತನ್ನ ಹೆಸರು ತಾನೇ ಬರೆದಿದ್ದಾನೆ. ಅಳಿಯಂದಿರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಾವ, ಇದನ್ನು ಯಾರೂ ಇಟ್ಟಿರಲ್ಲ ಅಲ್ವಾ?" ಅಂದರು. ಇಟ್ಟಿರಲ್ಲ ಅಂತ ಅಲ್ಲೇ ಗ್ಯಾರಂಟಿ ಕೊಟ್ಟೆ.

ಬೀಗಿತ್ತಿ ಒಪ್ಪಲಿಲ್ಲ. "ಗಂಡುಮಗೂಗೆ ಅಮ್ಮ ಅಂತ ಹೆಸರೇನ್ರೀ ಬೀಗ್ರೇ?" ಅಂದರು. ನಾಮಕರಣದ ದಿನ ತೊಟ್ಟಿಲ ಪಕ್ಕದಲ್ಲೇ ಪಾಠ ಮಾಡಬೇಕಾಯಿತು. ಅಮ್ಮ ಅಲ್ಲ, ತಮ್ಮ. ಮಲ್ಲಿ ಬೇರೆ, ತಮ್ಮ ಬೇರೆ, ಸೇರಿಸಿ ಮಲ್ಲಿತಮ್ಮ. ಈ ಮಲ್ಲಿಯನ್ನು ನಾನು ಮಲ್ಲಿಕಾರ್ಜುನನ ಮಲ್ಲಿ ಅಂತ ಓದುತ್ತೇನೆ. ತಮ್ಮ ಅಂತೂ ನಮ್ಮ ಕಡೆಯದೇ. ತಮ್ಮಯ್ಯ, ತಮ್ಮೇಗೌಡ ಇದ್ದಾರಲ್ಲ? ತಮ್ಮಣ್ಣ ಅಂದರೆ ತಮ್ಮನೂ ಹೌದು, ಅಣ್ಣನೂ ಹೌದು. ಅದಕ್ಕೆ ಯಾರೂ ನಗುವುದಿಲ್ಲ!

ನಿಜವಾದ ಫಜೀತಿ ಆಮೇಲೆ. ಜನನ ಪತ್ರದಲ್ಲಿ ಹೆಸರು ಸೇರಿಸಲು ಒಂದು ಕಚೇರಿಗೆ ಹೋದೆ. ಗುಮಾಸ್ತರು ಬಹಳ ಒಳ್ಳೆಯವರು, ತೊಂದರೆಯೇ ಅದು. ಅರ್ಜಿ ನೋಡಿ, "ಸಾರ್, ಇಲ್ಲಿ ಯಾರೋ ಗಂಡು ಅಂತ ತಪ್ಪು ಹಾಕಿದ್ದಾರೆ, ನಾನೇ ಸರಿ ಮಾಡಿಬಿಡ್ತೀನಿ" ಅಂದರು. ಬೇಡ ಅನ್ನುವಷ್ಟರಲ್ಲಿ ಸರಿ ಮಾಡಿಯೇಬಿಟ್ಟರು. ನನ್ನ ಮೊಮ್ಮಗನನ್ನು ಮತ್ತೆ ಗಂಡು ಮಾಡಲು ಮೂರು ಸಲ ಓಡಾಡಿದೆ.

ಇರಲಿ. ಈ ಮಲ್ಲಿತಮ್ಮ ಯಾರು? ರೂವಾರಿ. ಹಿಂದೆ ರೂವಾರಿ ಅಂದರೆ ಮೂರ್ತಿ ಕೆತ್ತುವವನು. ರೂಪ ಕೊಡುವವನು. ಈಗ ಪೇಪರಿನವರು 'ಗೆಲುವಿನ ರೂವಾರಿ' ಅಂತ ಬರೆಯುತ್ತಾರೆ. ಉಳಿ ಹಿಡಿದವನ ಪದವನ್ನು ಮೈಕ್ ಹಿಡಿದವರಿಗೆ ಕೊಟ್ಟುಬಿಟ್ಟೆವು. ನಾನೂ ಮೈಕ್ ಹಿಡಿದಿದ್ದೇನೆ, ಜಾಸ್ತಿ ಹೇಳಬಾರದು.

ಅವನ ಕೆಲಸ ಶುರುವಾದದ್ದು ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಅನ್ನುತ್ತಾರೆ. ಆ ಅಮೃತೇಶ್ವರ ದೇವಸ್ಥಾನ 1196ರದು, ಎರಡನೇ ಬಲ್ಲಾಳನ ಕಾಲ. ಆಮೇಲೆ ನುಗ್ಗೇಹಳ್ಳಿ. ಕೊನೆಗೆ 1258ರ ಸೋಮನಾಥಪುರ. ಅದೊಂದೇ ಗುಡಿಯಲ್ಲಿ ಸುಮಾರು 40 ಮೂರ್ತಿಗಳಿಗೆ ಅವನ ರುಜು ಇದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ 'ಮಲ್ಲಿ', ಕೆಲವು ಕಡೆ 'ಮ' ಅಷ್ಟೇ. ಬ್ಯಾಂಕಿನಲ್ಲಿ ನಾವು ಚುಟುಕು ಸಹಿ ಹಾಕುವುದಿಲ್ಲವೇ, ಹಾಗೆ.

ಈಗ ಲೆಕ್ಕ ಹಾಕಿ. 1196ರಿಂದ 1258. 62 ವರ್ಷ. ಹದಿನೈದಕ್ಕೆ ಉಳಿ ಹಿಡಿದಿದ್ದರೂ ಸೋಮನಾಥಪುರದ ಹೊತ್ತಿಗೆ ಎಪ್ಪತ್ತೇಳು. ಆ ವಯಸ್ಸಲ್ಲಿ 40 ಮೂರ್ತಿ? ಕಲ್ಲು ಮೆದು, ಬಳಪದ ಕಲ್ಲು, ಒಪ್ಪುತ್ತೇನೆ. ಆದರೂ ಕಣ್ಣು, ಕೈ? ಇಬ್ಬರು ಮಲ್ಲಿತಮ್ಮಂದಿರು ಇದ್ದರೇನೋ ಅಂತ ನನ್ನ ಗುಮಾನಿ. ತಾತನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಹೊಸದೇನಲ್ಲ. ಹಾಗಿದ್ದರೆ ಆ ಕಾಲಕ್ಕೆ ಇದು ಅಪರೂಪದ ಹೆಸರೂ ಅಲ್ಲ, ಮನೆತನದ ಹೆಸರು. ಇದು ನನ್ನ ಊಹೆ ಅಷ್ಟೇ, ಶಾಸನ ಅಲ್ಲ. ಆದರೆ ಕಲ್ಲಲ್ಲಿ ಇಷ್ಟು ಸಲ ಬರೆದುಕೊಂಡವನ ಹೆಸರು ಒಂದು ಶಾಲೆಯ ಹಾಜರಿಯಲ್ಲೂ ನನಗೆ ಸಿಕ್ಕಿಲ್ಲ. ಕಥೆಯಲ್ಲಿ ಬರುವ ಜಕಣಾಚಾರಿಯನ್ನು ಮಾತ್ರ ಮಕ್ಕಳೆಲ್ಲ ಬಲ್ಲರು. ನನಗೆ ಇದೇ ಹೊಟ್ಟೆಯುರಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಎರಡು ನಿಮಿಷ ಅಂತೆ. ಇನ್ನೂ ನಾಲ್ಕು ಹೆಸರು ಬರೆದುಕೊಂಡು ಬಂದಿದ್ದೆ, ಓಡಿಸಿಬಿಡುತ್ತೇನೆ. ಬೇಲೂರಿಗೆ ಬಳ್ಳಿಗಾವೆಯಿಂದ ಬಂದವರು ದಾಸೋಜ ಮತ್ತು ಅವನ ಮಗ ಚಾವಣ. ಮದನಿಕೆಯರ ಕೆಳಗೆ ಹೆಸರಿವೆ. ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮನ ಜೊತೆ ಕೆಲಸ ಮಾಡಿದವನು ಬೈಚೋಜ. ಈ 'ಓಜ' ಉಪಾಧ್ಯಾಯ ಅನ್ನುವುದರಿಂದ ಸವೆದು ಬಂದದ್ದು, ಮೇಷ್ಟ್ರು ಅಂತ ಅರ್ಥ. ಚಾವಣ ಅಂತ ಇಡಿ, ಎಷ್ಟು ಚೆನ್ನಾಗಿದೆ! ಮೂರೇ ಅಕ್ಷರ. ನಾಲ್ಕನೆಯದು ಬಿಟ್ಟೆ.

ಇನ್ನೊಂದು ಉಪಯೋಗದ ಮಾತು. ಹೆಸರಿಗೆ ಅವಸರ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರಿಲ್ಲದೆಯೂ ಮಗುವನ್ನು ನೋಂದಾಯಿಸಬಹುದು. ಆಮೇಲೆ ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಗಂಡೋ ಹೆಣ್ಣೋ ಅನ್ನುವುದನ್ನು ಮಾತ್ರ ಕೌಂಟರಿನಲ್ಲೇ ನೋಡಿಕೊಂಡು ಬನ್ನಿ.

ನುಗ್ಗೇಹಳ್ಳಿ ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ರಸ್ತೆಯಲ್ಲಿದೆ. ಮಲ್ಲಿತಮ್ಮನ ಕೆಲಸ ಇರುವುದು ಉತ್ತರದ ಗೋಡೆಯಲ್ಲಿ. ಅಲ್ಲಿ ಬಿಸಿಲು ಕಡಿಮೆ, ನೇರವಾಗಿ ನೋಡಿದರೆ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಬೆಳಕನ್ನು ಪಕ್ಕದಿಂದ ಬಿಡಬೇಕು. ಮೊಬೈಲ್ ಟಾರ್ಚ್ ಸಾಕು. ಹೆಸರು ಹುಡುಕುವುದಕ್ಕೆ ಅದನ್ನು ಹಾಗೆ ಬಳಸಿ. ನಮಸ್ಕಾರ.