ತಿರುವಿನಲ್ಲಿ ಗಾಳಿ, ಪೈಲಟ್‌ನ ಕಣ್ಣು

ಕೇಳುಗರಿಗೆ ನಮಸ್ಕಾರ.

ಗಾಳಿ ಜೋರಾಗಿರುವ ದಿನ ಆಕಾಶದಲ್ಲಿ ಸುತ್ತುವ ಹದ್ದನ್ನು ನೋಡಿ. ರೆಕ್ಕೆಯ ಓರೆ ಒಂದೇ ಸಮ ಇರುತ್ತದೆ, ಆದರೂ ಒಂದೊಂದು ಸುತ್ತಿಗೂ ಅದು ಗಾಳಿ ಹೋಗುವ ಕಡೆ ಸರಿದಿರುತ್ತದೆ. ಹದ್ದಿನ ಮಟ್ಟಿಗೆ ಸುತ್ತು ದುಂಡಗೇ ಇದೆ. ಸುರುಳಿಯಾಗಿ ಕಾಣುವುದು ನೆಲದ ಮೇಲಿರುವ ನಮಗೆ.

ಗಾಳಿಗೆ ಬೆನ್ನು ಮಾಡಿ ತಿರುಗಿದರೆ ವಿಮಾನದ ವೇಗ ಕುಸಿಯುತ್ತದೆ ಎಂಬ ಮಾತು ಹಾರಾಟ ಕಲಿಯುವವರಲ್ಲಿ ಇನ್ನೂ ಓಡಾಡುತ್ತಿದೆ. ಒಂದೇ ಸಮ ಬೀಸುವ ಗಾಳಿಯಲ್ಲಿ ಅದು ತಪ್ಪು. ಏರ್‌ಸ್ಪೀಡ್, ಅಂದರೆ ಸುತ್ತಲ ಗಾಳಿಗೆ ಹೋಲಿಸಿದ ವೇಗ, 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.), ಗಾಳಿ 20 ನಾಟ್ ಇದ್ದರೆ, ಎದುರು ಗಾಳಿಯಲ್ಲಿ ನೆಲದ ಮೇಲಿನ ವೇಗ 45, ಬೆನ್ನ ಗಾಳಿಯಲ್ಲಿ 85. ಏರ್‌ಸ್ಪೀಡ್ ತೋರಿಸುವ ಮುಳ್ಳು ಮಾತ್ರ 65ರಲ್ಲೇ ನಿಂತಿರುತ್ತದೆ. ರೆಕ್ಕೆಗೆ ಬೇಕಾದದ್ದೂ ಅಷ್ಟೇ.

ಮೋಸ ಹೋಗುವುದು ಕಣ್ಣು. ಎತ್ತರದಲ್ಲಿ ಇದು ತಿಳಿಯುವುದೇ ಇಲ್ಲ. ಬೆನ್ನ ಗಾಳಿಯಲ್ಲಿ ಐನೂರು ಅಡಿಗೆ ಇಳಿದಾಗ ಮರ, ಮನೆಗಳು ಭರ್ರನೆ ಹಿಂದಕ್ಕೆ ಓಡುತ್ತವೆ. ವೇಗ ಹೆಚ್ಚಾಯಿತೆಂದು ಎಂಜಿನ್ ಶಕ್ತಿ ತಗ್ಗಿಸಲು ಕೈ ತಾನಾಗಿ ಥ್ರಾಟಲ್ ಎಳೆಯುತ್ತದೆ.

ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಂತೆ ಪೂರ್ವ–ಪಶ್ಚಿಮವಾಗಿರುವ ರನ್‌ವೇಯನ್ನೇ ತೆಗೆದುಕೊಳ್ಳಿ. ಎಡ ಸರ್ಕ್ಯೂಟಿನಲ್ಲಿ, ಅಂದರೆ ಎಡಕ್ಕೇ ತಿರುಗುತ್ತಾ ರನ್‌ವೇ ಸುತ್ತಿ ಬಂದು, 260 ಡಿಗ್ರಿ ದಿಕ್ಕಿಗೆ, ಹೆಚ್ಚುಕಡಿಮೆ ಪಶ್ಚಿಮಕ್ಕೆ, ಇಳಿಯಬೇಕು. ಮುಂಗಾರಿನ ನೈಋತ್ಯ ಗಾಳಿ 220 ಡಿಗ್ರಿಯಿಂದ 20 ನಾಟ್ ಬೀಸುತ್ತಿದೆ. ಡೌನ್‌ವಿಂಡ್‌ನಲ್ಲಿ, ಅಂದರೆ ರನ್‌ವೇಗೆ ಸಮಾನಾಂತರವಾಗಿ ಇಳಿಯುವ ದಿಕ್ಕಿಗೆ ಎದುರಾಗಿ ಹಾರುವಾಗ, ಈ ಗಾಳಿ ವಿಮಾನವನ್ನು ರನ್‌ವೇ ಕಡೆಗೆ ತಳ್ಳುತ್ತದೆ. 90 ನಾಟ್‌ನಲ್ಲಿ ಮೂತಿಯನ್ನು ಸುಮಾರು 8 ಡಿಗ್ರಿ ಬಲಕ್ಕೆ ಹಿಡಿಯದಿದ್ದರೆ ಅಲ್ಲಿಂದ ತಿರುಗಿ ರನ್‌ವೇಯ ನೇರದ ಕಡೆಗೆ ಅಡ್ಡ ಹಾರುವ ಬೇಸ್ ಲೆಗ್ ಮೊದಲೇ ಗಿಡ್ಡವಾಗುತ್ತದೆ. ಆ ಗಿಡ್ಡ ಬೇಸ್‌ನಲ್ಲಿ ಮತ್ತೆ 13 ನಾಟ್ ಬೆನ್ನ ಗಾಳಿ! 65 ನಾಟ್, 30 ಡಿಗ್ರಿ ಬ್ಯಾಂಕ್ (ರೆಕ್ಕೆಯ ಓರೆ) ಇಟ್ಟು ಫೈನಲ್‌ಗೆ, ಅಂದರೆ ರನ್‌ವೇಯ ನೇರಕ್ಕೆ, ತಿರುಗಲು ಒಂಬತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಗಾಳಿ ಅರವತ್ತು ಮೀಟರ್ ಆಚೆ ಒಯ್ದಿರುತ್ತದೆ. ರನ್‌ವೇಯ ನೇರ ದಾಟಿಹೋಯಿತು.

ಅಪಾಯ ಹುಟ್ಟುವುದು ಇಲ್ಲೇ. ಪೈಲಟ್ ಬ್ಯಾಂಕ್ ಹೆಚ್ಚಿಸಲು ಹೆದರಿ, ಬಾಲದ ಚುಕ್ಕಾಣಿಯಾದ ರಡ್ಡರ್‌ನ ಎಡ ಪೆಡಲ್ ಒತ್ತಿ ಮೂತಿಯನ್ನಷ್ಟೇ ಎಳೆದು ತರುತ್ತಾನೆ. ಹೊರಗಿನ ರೆಕ್ಕೆ ವೇಗ ಪಡೆದು ಮೇಲೇಳುತ್ತದೆ; ಅದನ್ನು ತಡೆಯಲು ರೆಕ್ಕೆಯ ಓರೆ ಬದಲಿಸುವ ಐಲೆರಾನನ್ನು ಬಲಕ್ಕೆ ಕೊಡುತ್ತಾನೆ. ಮೂತಿ ಕುಸಿಯುತ್ತದೆ, ಸ್ಟಿಕ್ ಹಿಂದಕ್ಕೆಳೆಯುತ್ತಾನೆ. ಆ ಹೊತ್ತಿಗೆ ವಿಮಾನ ಪಕ್ಕಕ್ಕೆ ಜಾರುತ್ತಿರುವುದನ್ನು ತೋರಿಸುವ ಉಪಕರಣದ ಬಾಲ್ (ಗುಂಡು) ಬಲಮೂಲೆಗೆ ಹೋಗಿ ಕೂತಿರುತ್ತದೆ. ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ವಿಮಾನ ಸ್ಪಿನ್‌ಗೆ, ಅಂದರೆ ಗಿರಗಿರನೆ ಸುತ್ತುವ ಸ್ಥಿತಿಗೆ, ಬೀಳುತ್ತದೆ. ಐನೂರು ಅಡಿಯಲ್ಲಿ ಅದರಿಂದ ಹೊರಬರಲು ಜಾಗವಿಲ್ಲ.

ರಡ್ಡರ್ ಬಿಟ್ಟು ಬ್ಯಾಂಕ್ ಹೆಚ್ಚಿಸಿದರೆ? ನೇರ ಹಾರಾಟದಲ್ಲಿ 48 ನಾಟ್‌ಗೆ ಸ್ಟಾಲ್ ಆಗುವ ಸೆಸ್ನಾ 172 ಎಂಬ ಸಣ್ಣ ವಿಮಾನ, ಎತ್ತರ ಬಿಡದೆ 45 ಡಿಗ್ರಿ ಬ್ಯಾಂಕ್‌ನಲ್ಲಿ ತಿರುಗಿದರೆ 57ಕ್ಕೇ, 60 ಡಿಗ್ರಿಯಲ್ಲಿ 68ಕ್ಕೇ ಸ್ಟಾಲ್ ಆಗುತ್ತದೆ. ಕೈಯಲ್ಲಿರುವುದು ಬರೀ 65.

ಏರ್‌ಸ್ಪೀಡ್ ನಿಜವಾಗಿಯೂ ಏರುಪೇರಾಗುವ ಸಂದರ್ಭವೂ ಉಂಟು. ನೆಲದ ಹತ್ತಿರ ಗಾಳಿ ತಗ್ಗುತ್ತದೆ. ಎದುರು ಗಾಳಿಯಲ್ಲಿ ಇಳಿಯುವಾಗ ಮುಳ್ಳು ಥಟ್ಟನೆ ಕೆಳಗಿಳಿಯಬಹುದು. 12 ನಾಟ್ ಗಾಳಿ ಆಗಾಗ 22ಕ್ಕೆ ಏರುತ್ತಿದ್ದರೆ, ನಡುವಿನ ಹತ್ತರಲ್ಲಿ ಅರ್ಧವನ್ನು 65ಕ್ಕೆ ಸೇರಿಸಿ 70 ನಾಟ್‌ನಲ್ಲಿ ಬರುವುದು ರೂಢಿ.

ಬೇಸ್‌ನಲ್ಲಿ ನೆಲ ಬೇಗ ಬೇಗ ಸರಿಯುತ್ತಿದ್ದರೆ ತಿರುವನ್ನು ಬೇಗ ಶುರುಮಾಡಿ. ಬ್ಯಾಂಕ್ 30 ಡಿಗ್ರಿ ದಾಟದಿರಲಿ, ಬಾಲ್ ನಡುವೆ ಇರಲಿ. ಅಷ್ಟಾದರೂ ನೇರ ದಾಟಿಹೋದರೆ ರೆಕ್ಕೆ ಸಮ ಮಾಡಿ, ಪೂರ್ತಿ ಥ್ರಾಟಲ್ ಕೊಟ್ಟು ಮೇಲೇರಿ. ಮುಂದಿನ ಸುತ್ತಿನಲ್ಲಿ ಡೌನ್‌ವಿಂಡ್‌ನಿಂದಲೇ ಆ 8 ಡಿಗ್ರಿ ಹಿಡಿದುಕೊಂಡು ಬನ್ನಿ.