ಕಬ್ಬಿನ ತೂಕದ ಚೀಟಿ ಮತ್ತು ಕಾಲಂ ಟೇಬಲ್

ಎಲ್ಲರಿಗೂ ನಮಸ್ಕಾರ. ಡೇಟಾಬೇಸ್‌ನಲ್ಲಿ ಒಂದೊಂದು ಕಾಲಮ್ಮನ್ನೂ ಬೇರೆಬೇರೆಯಾಗಿ ಇಡುವ ಕಾಲಂ ಟೇಬಲ್ ಎಷ್ಟು ವೇಗ ಅನ್ನುವುದನ್ನು ನೀವು ಸಾಕಷ್ಟು ಕೇಳಿರುತ್ತೀರಿ, ಮಾರಲು ಬರುವವರು ಹೇಳುವುದು ಅದನ್ನೇ. ಅದಕ್ಕೆ ಏನೇನು ಒಗ್ಗುವುದಿಲ್ಲ ಅನ್ನುವುದು ಇವತ್ತಿನ ನನ್ನ ಮಾತು.

ಮಂಡ್ಯದಲ್ಲಿ ನಿಂತು ಮಾತಾಡುವವರು ಉದಾಹರಣೆಗೆ ಅಲೆಯಬೇಕಾಗಿಲ್ಲ. ಕಬ್ಬಿನ ಟ್ರ್ಯಾಕ್ಟರ್ ವೇ ಬ್ರಿಡ್ಜ್ ಹತ್ತುತ್ತದೆ, ಚೀಟಿ ಬರುತ್ತದೆ. ಒಂದು ಚೀಟಿಗೆ ಟೇಬಲ್‌ನಲ್ಲಿ ಒಂದು ರೋ, ಅಂದರೆ ಒಂದು ಅಡ್ಡಸಾಲು. ದಿನಾಂಕ, ರೈತರ ಸಂಖ್ಯೆ, ಊರು, ತಳಿ, ಗಾಡಿ ನಂಬರ್, ತುಂಬಿದ ತೂಕ, ಖಾಲಿ ತೂಕ, ಹೀಗೆ 40 ಕಾಲಂ ಇವೆ ಅಂದುಕೊಳ್ಳಿ. ಇದು ಯಾವ ಕಾರ್ಖಾನೆಯ ಲೆಕ್ಕವೂ ಅಲ್ಲ, ಮಾತಿಗಾಗಿ ನಾನೇ ಕಟ್ಟಿಕೊಂಡದ್ದು.

ಸಾಮಾನ್ಯ ಟೇಬಲ್‌ನಲ್ಲಿ ಒಂದು ಚೀಟಿಯ 40 ಮೌಲ್ಯಗಳೂ ಒಂದೇ ಪೇಜಿನಲ್ಲಿ ಒಟ್ಟಿಗೆ ಕೂತಿರುತ್ತವೆ. ಕಾಲಂ ಟೇಬಲ್‌ನಲ್ಲಿ ಎಲ್ಲ ಚೀಟಿಗಳ ಊರುಗಳು ಒಂದು ಕಡೆ, ತೂಕಗಳು ಇನ್ನೊಂದು ಕಡೆ. ಈ ಹಂಗಾಮಿನಲ್ಲಿ ಊರುವಾರು ಎಷ್ಟು ಟನ್ ಬಂತು ಅಂತ ಕೇಳಿದರೆ ನಾಲ್ಕು ಕಾಲಂ ಓದಿದರೆ ಮುಗಿಯಿತು, ಮಿಕ್ಕ 36 ಮುಟ್ಟುವುದೇ ಇಲ್ಲ. ಒಂದೇ ಊರಿನ ಹೆಸರು ಸಾವಿರಾರು ಸಲ ಬರುವುದರಿಂದ ಅದಕ್ಕೊಂದು ಪುಟ್ಟ ಸಂಕೇತ ಕೊಟ್ಟು ಕುಗ್ಗಿಸಿಡಬಹುದು. ಐಬಿಎಂನವರು 2013ರಲ್ಲಿ ತಮ್ಮ ಡೇಟಾಬೇಸ್ ಡಿಬಿ2ದ 10.5ನೇ ಆವೃತ್ತಿಯ ಜೊತೆ ಬ್ಲೂ ಆಕ್ಸಿಲರೇಷನ್ ಅಂತ ತಂದದ್ದು ಇದನ್ನೇ. ನಾನು ಹೇಳುವುದು ಹೆಚ್ಚಾಗಿ ಡಿಬಿ2ದೇ ಕಥೆ.

ಈಗ ಒಬ್ಬ ರೈತರು ಬಂದು, 'ಸ್ವಾಮಿ, ಖಾಲಿ ಗಾಡಿ ತೂಕ ತಪ್ಪಾಗಿದೆ, ನೋಡಿ' ಅನ್ನುತ್ತಾರೆ. ತಿದ್ದಬೇಕಾದದ್ದು ಒಂದೇ ಅಂಕಿ. ಆದರೆ ಕಾಲಂ ಟೇಬಲ್‌ನಲ್ಲಿ ಅಪ್‌ಡೇಟ್ ಅಂದರೆ ಹಳೆಯ ರೋಗೆ 'ಅಳಿಸಿದೆ' ಅಂತ ಗುರುತು ಹಾಕಿ, ಹೊಸ ರೋ ಸೇರಿಸುವುದು. ಹೊಸ ರೋ ಅಂದಮೇಲೆ 40 ಕಾಲಂಗೂ ಕೈ ಹಾಕಲೇಬೇಕು. ಅಳಿಸಿದ ಜಾಗವೂ ತಕ್ಷಣ ಖಾಲಿಯಾಗುವುದಿಲ್ಲ. ಎಕ್ಸ್‌ಟೆಂಟ್, ಅಂದರೆ ಪೇಜುಗಳ ಒಂದು ಗುಂಪು, ಪೂರ್ತಿ ಬರಿದಾದ ಮೇಲೆ ರೀಆರ್ಗ್ ಅನ್ನುವ ಕಮಾಂಡ್ ಓಡಿಸಿದರೆ ಆಗ ಬಿಡುಗಡೆ. ಮೈಕ್ರೋಸಾಫ್ಟ್‌ನವರ ಡೇಟಾಬೇಸ್ ಎಸ್‌ಕ್ಯುಎಲ್ ಸರ್ವರ್ 2012ರಲ್ಲಂತೂ ಕಾಲಂಸ್ಟೋರ್ ಇಂಡೆಕ್ಸ್ (ಅವರ ಕಾಲಂ ರೂಪ) ಹಾಕಿದ ಟೇಬಲ್ ಬರೀ ಓದಲಿಕ್ಕೆ ಅಂತಾಗಿಬಿಡುತ್ತಿತ್ತು, ತಿದ್ದಲು ಬಿಟ್ಟದ್ದು 2014ರಲ್ಲಿ. ಅಲ್ಲಿ ಚಿಲ್ಲರೆಯಾಗಿ ಬಂದ ರೋಗಳು ಮೊದಲು ಡೆಲ್ಟಾಸ್ಟೋರ್ ಅನ್ನುವ, ಇನ್ನೂ ಕಾಲಂ ಆಗಿ ಕುಗ್ಗಿಸದ ಜಾಗದಲ್ಲಿ ಕಾಯುತ್ತವೆ. 1,02,400 ರೋಗೆ ಕಡಿಮೆಯಿಲ್ಲದ ಗುಂಪಾಗಿ ಒಟ್ಟಿಗೆ ಬಲ್ಕ್ ಲೋಡ್ ಮಾಡಿದರೆ ಮಾತ್ರ ನೇರ ಕುಗ್ಗಿಸಿದ ರೂಪಕ್ಕೆ ಹೋಗುತ್ತವೆ.

ಹುಡುಕುವ ವಿಷಯಕ್ಕೆ ಬರೋಣ. ಡಿಬಿ2 ತಾನಾಗಿಯೇ ಒಂದು ಸಿನಾಪ್ಸಿಸ್ ಟೇಬಲ್ ಇಟ್ಟುಕೊಳ್ಳುತ್ತದೆ. ಸುಮಾರು 1,024 ರೋಗೆ ಒಂದು ಸಾಲು, ಅದರಲ್ಲಿ ಆ ಗುಂಪಿನ ಪ್ರತಿ ಕಾಲಮ್ಮಿನ ಕನಿಷ್ಠ, ಗರಿಷ್ಠ ಮೌಲ್ಯಗಳು. ಚೀಟಿ ಬರುವುದೇ ದಿನಾಂಕದ ಸರದಿಯಲ್ಲಿ. ಹಾಗಾಗಿ ಜನವರಿ 12ರ ಚೀಟಿ ಬೇಕು ಅಂದರೆ ಬೇಡದ ಗುಂಪುಗಳನ್ನೆಲ್ಲ ಹಾರಿಸಿಕೊಂಡು ಹೋಗಬಹುದು. ರೈತರ ಸಂಖ್ಯೆ 4,417 ಕೇಳಿ ನೋಡಿ. ಮದ್ದೂರು, ಮಳವಳ್ಳಿ, ಪಾಂಡವಪುರ ಅಂತ ಎಲ್ಲ ಕಡೆಯ ಗಾಡಿಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಪ್ರತಿ ಗುಂಪಿನಲ್ಲೂ ಕನಿಷ್ಠ 20, ಗರಿಷ್ಠ 9,800 ಅಂತಿದ್ದರೆ ಯಾವುದನ್ನು ಹಾರಿಸುವುದು? ಬೇಗ ಹುಡುಕಲು ನಾವೇ ಇಂಡೆಕ್ಸ್, ಅಂದರೆ ಸೂಚಿ, ಕಟ್ಟಿಕೊಳ್ಳೋಣ ಅಂದರೆ 10.5ರಲ್ಲಿ ಅದಕ್ಕೂ ಅವಕಾಶವಿರಲಿಲ್ಲ.

ಇವೆಲ್ಲ ಬರೀ ನಿಧಾನದ ತಕರಾರುಗಳು, ಸಹಿಸಿಕೊಳ್ಳಬಹುದು. ನನಗೆ ಭಯ ಇರುವುದು ಮುಂದಿನದರ ಬಗ್ಗೆ.

ಡಿಬಿ2 ಕಾಲಂ ಟೇಬಲ್‌ನಲ್ಲಿ ಪ್ರೈಮರಿ ಕೀ, ಅಂದರೆ ಒಂದೇ ಚೀಟಿ ಎರಡು ಸಲ ಬರಬಾರದು ಅನ್ನುವ ನಿಯಮವನ್ನು ಕಾಯುತ್ತದೆ; ಫಾರಿನ್ ಕೀ, ಅಂದರೆ ಚೀಟಿಯಲ್ಲಿರುವ ರೈತರು ರೈತರ ಟೇಬಲ್‌ನಲ್ಲೂ ಇರಬೇಕು ಅನ್ನುವ ನಿಯಮವನ್ನು ಕಾಯುವುದಿಲ್ಲ. ಖಾಲಿ ತೂಕ ತುಂಬಿದ ತೂಕಕ್ಕಿಂತ ಕಡಿಮೆ ಇರಬೇಕು ಅನ್ನುವಂಥ ಚೆಕ್ ಕನ್‌ಸ್ಟ್ರೇಂಟ್‌ಗೂ ಅದೇ ಗತಿ. ಬರೆಯಲು ಬಿಡುತ್ತದೆ, ಆದರೆ 'ನಾಟ್ ಎನ್‌ಫೋರ್ಸ್ಡ್' ಅಂತ ಸೇರಿಸಿ ಬರೆಯಬೇಕು. ಅಂದರೆ, ನಿಮ್ಮ ಮಾತನ್ನು ನಂಬುತ್ತೇನೆ, ಪರೀಕ್ಷೆ ಮಾಡುವುದಿಲ್ಲ ಅಂತ. ರೋ ಬಂದೊಡನೆ ತಾನಾಗಿ ಓಡುವ ಟ್ರಿಗರ್ ಹಾಕಿ ಹಿಡಿಯೋಣವೆಂದರೆ 10.5ರಲ್ಲಿ ಟ್ರಿಗರ್ ಕೂಡ ಇರಲಿಲ್ಲ.

ಒಂದು ಚೀಟಿಯಲ್ಲಿ 4,417ರ ಬದಲು 44,170 ಅಂತ ಬಿತ್ತು, ಆ ಸಂಖ್ಯೆಯ ರೈತರೇ ಇಲ್ಲ. ಯಾವ ಎರರ್ ಕೂಡ ಬರಲಿಲ್ಲ. ಸಂಜೆ ಇಬ್ಬರು ವರದಿ ತೆಗೆಯುತ್ತಾರೆ. ಒಬ್ಬರ ಕ್ವೆರಿ ಚೀಟಿ ಟೇಬಲ್ಲನ್ನು ರೈತರ ಟೇಬಲ್ ಜೊತೆ ಜಾಯಿನ್ ಮಾಡುತ್ತದೆ, ಅಂದರೆ ಸಂಖ್ಯೆ ನೋಡಿ ಜೋಡಿಸುತ್ತದೆ, ಆದರೆ ಕೇಳುವುದು ಬರೀ ಒಟ್ಟು ತೂಕ. ಪ್ರತಿ ಚೀಟಿಗೂ ಒಬ್ಬ ರೈತರು ಇದ್ದೇ ಇರುತ್ತಾರೆ ಅಂತ ನೀವೇ ಮಾತು ಕೊಟ್ಟಿದ್ದೀರಲ್ಲ, ಕ್ವೆರಿಗೆ ಹತ್ತಿರದ ದಾರಿ ಹುಡುಕುವ ಆಪ್ಟಿಮೈಜರ್ ಆ ಜಾಯಿನ್ನನ್ನೇ ಕೈಬಿಡಬಹುದು. ಆಗ ಆ ಅನಾಥ ಚೀಟಿಯೂ ಲೆಕ್ಕಕ್ಕೆ ಸೇರುತ್ತದೆ. ಇನ್ನೊಬ್ಬರು ರೈತರ ಹೆಸರನ್ನೂ ಕೇಳುತ್ತಾರೆ. ಅಲ್ಲಿ ಜಾಯಿನ್ ನಡೆಯಲೇಬೇಕು, ಚೀಟಿ ಬಿದ್ದುಹೋಗುತ್ತದೆ. ಒಂದೇ ದಿನ, ಒಂದೇ ಟೇಬಲ್, ಎರಡು ಮೊತ್ತ. ಬಾಕಿ ಹಣಕ್ಕೆ ಕಾದು ಕೂತವರಿಗೆ ಇದನ್ನು ಹೇಗೆ ವಿವರಿಸುತ್ತೀರಿ? ಫಾರಿನ್ ಕೀ ಬರೆಯುವಾಗ 'ನಾಟ್ ಟ್ರಸ್ಟೆಡ್' ಅಂತಲೂ ಬರೆದರೆ ಆಪ್ಟಿಮೈಜರ್ ಅಷ್ಟು ಸಲುಗೆ ತೆಗೆದುಕೊಳ್ಳುವುದಿಲ್ಲ, ವೇಗ ಸ್ವಲ್ಪ ಕಳೆದುಕೊಳ್ಳಬಹುದು. ಅನುಮಾನವಿದ್ದರೆ ಹಾಗೇ ಬರೆಯಿರಿ. ಅಮೆಜಾನ್‌ನವರ ಕಾಲಂ ಡೇಟಾಬೇಸ್ ರೆಡ್‌ಶಿಫ್ಟ್ ಇನ್ನೂ ಒಂದು ಹೆಜ್ಜೆ ಮುಂದೆ, ಅಲ್ಲಿ ಪ್ರೈಮರಿ ಕೀಯನ್ನೂ ಕಾಯುವುದಿಲ್ಲ. ಒಂದೇ ಚೀಟಿ ಎರಡು ಸಲ ಲೋಡ್ ಆದರೂ ಸುಮ್ಮನಿರುತ್ತದೆ.

ನಾನಾದರೆ ವೇ ಬ್ರಿಡ್ಜ್ ಕೌಂಟರಿನ ಟೇಬಲ್ಲನ್ನು ರೋ ಟೇಬಲ್ ಆಗಿಯೇ ಬಿಡುತ್ತೇನೆ, ಫಾರಿನ್ ಕೀ, ಟ್ರಿಗರ್ ಎಲ್ಲವೂ ಅಲ್ಲೇ. ತಿದ್ದುಪಡಿ ಮುಗಿದ ಚೀಟಿಗಳನ್ನು ರಾತ್ರಿ ಒಟ್ಟಿಗೆ ಕಾಲಂ ಟೇಬಲ್‌ಗೆ ಲೋಡ್ ಮಾಡಿ, ರೈತರಿಲ್ಲದ ಚೀಟಿ ನುಸುಳಿದೆಯಾ ಅಂತ ಒಂದು ಕ್ವೆರಿ ಓಡಿಸುತ್ತೇನೆ. ಮೊದಲ ಲೋಡ್‌ಗೆ ಒಂದೇ ಹೋಬಳಿಯ ಚೀಟಿ ಕೊಡಬೇಡಿ. ಸಂಕೇತಗಳ ನಿಘಂಟು ಕಟ್ಟುವುದು ಆ ಮೊದಲ ಡೇಟಾ ನೋಡಿಯೇ, ಆಮೇಲೆ ಬರುವ ಊರುಗಳು ಅಷ್ಟು ಚೆನ್ನಾಗಿ ಕುಗ್ಗುವುದಿಲ್ಲ.

ಇರುವ ಟೇಬಲ್ಲನ್ನೇ ಬದಲಿಸುವುದಾದರೆ ಡಿಬಿ2ಕನ್ವರ್ಟ್ ಅನ್ನುವ ಕಮಾಂಡ್ ಇದೆ. ಅದು ರೋ ಟೇಬಲ್ಲನ್ನು ಕಾಲಂ ಮಾಡುತ್ತದೆ, ತಿರುಗಿ ರೋ ಮಾಡಿಕೊಡುವುದಿಲ್ಲ. ಓಡಿಸುವ ಮುಂಚೆ ಬ್ಯಾಕಪ್ ತೆಗೆದಿಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ.